ಮನೆಯ ಧೂಳು ಮತ್ತು ಗೃಹಸ್ಥನ ಹೊಣೆ

ಮನೆಯ ಧೂಳನ್ನು ಕಸವೆಂದು ಗುಡಿಸಿ ಹೊರಹಾಕುವುದು ಗೃಹಸ್ಥನ ನಿತ್ಯಕರ್ಮ. ಆದರೆ ಆ ಧೂಳು ಕೇವಲ ಜಡವಸ್ತುವಲ್ಲ. ಚರ್ಮದಿಂದ ಉದುರಿದ ಕಣ, ಬಟ್ಟೆಯ ನೂಲು, ಅಂಗಳದ ಮಣ್ಣು, ಒಲೆಯ ಮಸಿ ಇವುಗಳೊಡನೆ ಅಸಂಖ್ಯಾತ ಬ್ಯಾಕ್ಟೀರಿಯಾಗಳೂ ಅದರಲ್ಲಿರುತ್ತವೆ. ಕಣ್ಣಿಗೆ ಕಾಣದ ಜೀವರಾಶಿ ಎಲ್ಲೆಡೆ ತುಂಬಿದೆಯೆಂಬ ಮಾತು ಶ್ರಾವಕರಿಗೆ ಹೊಸದಲ್ಲ. ಯಾವ ಮನೆಯಲ್ಲಿ ಯಾವ ಬಗೆಯ ಜೀವಿಗಳು ನೆಲೆಸುತ್ತವೆ ಎಂಬುದನ್ನು ಆ ಮನೆಯ ಕಟ್ಟೋಣವೂ ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಮಾತ್ರ ಹೊಸ ತಿಳಿವಳಿಕೆ. ಹಾಗಿದ್ದರೆ ಧೂಳಿನ ಹೊಣೆ ಯಾರದು? ಪೊರಕೆ ಹಿಡಿದವರದೋ, ಗೋಡೆ ಕಟ್ಟಿಸಿದವರದೋ?

ಹಲವರು ಒತ್ತಾಗಿ ಮಲಗುವ ಕೋಣೆಯ ಧೂಳಿನಲ್ಲಿ ಸ್ಟೆಫೈಲೊಕಾಕಸ್ ಮುಂತಾದ, ಮಾನವ ಚರ್ಮವಾಸಿ ಜೀವಿಗಳ ಪಾಲು ಹೆಚ್ಚು. ಕಿಟಕಿ ತೆರೆದು ಹೊರಗಾಳಿ ಆಡುವ ಮನೆಯಲ್ಲಿ ಮಣ್ಣು ಹಾಗೂ ಗಿಡಮರಗಳ ಜೀವಿಗಳ ಪಾಲು ಹೆಚ್ಚು. ತೇವ ಆರದ ಗೋಡೆಯಲ್ಲಿ ಬೂಷ್ಟಿನೊಡನೆ ಆಕ್ಟಿನೊಬ್ಯಾಕ್ಟೀರಿಯಾ ವರ್ಗದವು ಬೆಳೆಯುತ್ತವೆ. 2018ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಮನೆಯ ಧೂಳನ್ನು ಪುಟ್ಟ ಮಾದರಿ ಕೋಣೆಗಳಲ್ಲಿ 90 ದಿನ ಇರಿಸಿ ಪರೀಕ್ಷಿಸಿದರು. ಕತ್ತಲೆಯ ಕೋಣೆಗಳಲ್ಲಿ ಸರಾಸರಿ ಶೇ. 12ರಷ್ಟು ಬ್ಯಾಕ್ಟೀರಿಯಾ ಜೀವಂತವಾಗಿದ್ದವು. ಗಾಜಿನ ಮೂಲಕ ಹಗಲಿನ ಬೆಳಕು ಬಿದ್ದ ಕೋಣೆಗಳಲ್ಲಿ ಶೇ. 6.8 ಮಾತ್ರ.

ಈ ದೃಷ್ಟಿಯಿಂದ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯ ಮನೆಗಳನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಎಲ್ಲರಿಗೂ ಒಂದೇ. ಆದರೆ ತೊಟ್ಟಿಯುಳ್ಳ ದೊಡ್ಡ ಮನೆಗೆ ಎತ್ತರದ ಜಗಲಿ, ಅಟ್ಟ, ಹಲವು ಕಿಟಕಿ, ಬೇರೆ ಅಡುಗೆಮನೆ ಇವೆ. ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆಗಳಲ್ಲಿ ಒಂದೇ ಗೋಡೆ ಎರಡು ಸಂಸಾರಗಳಿಗೆ. ಒಲೆ, ಹಾಸಿಗೆ, ಒದ್ದೆ ಕಂಬಳಿ ಎಲ್ಲವೂ ಪಕ್ಕಪಕ್ಕದಲ್ಲೇ. ಬಟ್ಟೆ ಒಣಗುವುದು ಒಲೆಯ ಮೇಲೆ. ಹೊಗೆ ಹೋಗಲು ದಾರಿಯಿಲ್ಲ, ತೇವ ಆರಲು ಬಿಸಿಲಿಲ್ಲ. ತೇವ ಮತ್ತು ಬೂಷ್ಟು ಹಿಡಿದ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ತಿಳಿಸಿದೆ. ಇಷ್ಟಾದರೂ ಲೈನಿನಲ್ಲಿ ಮಗು ಕೆಮ್ಮಿದರೆ "ಆ ಜನಕ್ಕೆ ಶುಚಿತ್ವವಿಲ್ಲ" ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಪೊರಕೆಯಿಂದ ಧೂಳನ್ನು ತೆಗೆಯಬಹುದು. ಇಲ್ಲದ ಕಿಟಕಿಯನ್ನು ತೆರೆಯಲಾಗದು.

ಇಲ್ಲಿ ಒಂದು ಸಂದೇಹ ಸಹಜ. ಬೆಳಕು ಬಂದರೆ ಧೂಳಿನ ಜೀವಿಗಳು ಸಾಯುವುದಾದರೆ, ಕಿಟಕಿ ಇಡಿಸುವುದೂ ಹಿಂಸೆಯಲ್ಲವೇ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಪ್ರಾಣಹಾನಿಯಾಯಿತೇ ಎಂದಷ್ಟೇ ಅಲ್ಲ, ಅದರ ಹಿಂದೆ ಕಷಾಯವೋ ಅಲಕ್ಷ್ಯವೋ ಇತ್ತೇ ಎಂದು ಕೇಳಬೇಕು. ಮನೆ ಕಟ್ಟುವುದು, ಅಡುಗೆ ಮಾಡುವುದು, ಗುಡಿಸುವುದು ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ ಹಿಂಸೆ. ಯತ್ನಾಚಾರದಿಂದ ಅದನ್ನು ಕಡಿಮೆ ಮಾಡುವುದೇ ಅವನ ಧರ್ಮ. ನೀರು ಸೋಸಿ ಕುಡಿಯುವುದು, ಆಹಾರವನ್ನು ಹಳಸಲು ಬಿಡದಿರುವುದು ಇವೆಲ್ಲ ಜೀವರಕ್ಷಣೆಯ ಎಚ್ಚರಗಳೇ. ಮೊದಲು ತೇವ ಕೂಡಿಸಿ ಜೀವೋತ್ಪತ್ತಿಗೆ ಎಡೆಮಾಡಿ, ಆಮೇಲೆ ಫಿನಾಯಿಲ್ ಸುರಿದು ಕೊಲ್ಲುವುದಕ್ಕಿಂತ, ಒಣಗಿದ ನೆಲ ಮತ್ತು ಬೆಳಕಿನ ಕೋಣೆ ಆ ಎಚ್ಚರಕ್ಕೆ ಹೆಚ್ಚು ಹತ್ತಿರ.

ಹಾಗೆಂದು ಧೂಳಿನ ಜೀವಿಗಳೆಲ್ಲ ಶತ್ರುಗಳಲ್ಲ. ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಬೇಸಾಯಗಾರ ಸಮುದಾಯಗಳನ್ನು ಹೋಲಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಕೊಟ್ಟಿಗೆ ಮನೆಯ ಸಮೀಪವೇ ಇರುವ ಆಮಿಷರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಬಹಳ ಹೆಚ್ಚಿದ್ದರೂ ಅವರ ಮಕ್ಕಳಲ್ಲಿ ಆಸ್ತಮಾ ಶೇ. 5ರಷ್ಟು; ಯಂತ್ರಬೇಸಾಯದ ಹಟರೈಟರಲ್ಲಿ ಶೇ. 21ರಷ್ಟು. ಆದ್ದರಿಂದ ಅಂಗಳದ ಮಣ್ಣೂ ದನಕರುಗಳ ಸಹವಾಸವೂ ಕೆಡುಕೆನ್ನಲಾಗದು. ಕೆಡುಕಿರುವುದು ಕತ್ತಲೆ, ತೇವ, ಹೊಗೆ ಮತ್ತು ಇಕ್ಕಟ್ಟಿನಲ್ಲಿ.

ತೋಟದಲ್ಲಿ ವಾಸಿಸುವ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆ ಮಾಲೀಕರದೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು; 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ವಸತಿ, ಕುಡಿಯುವ ನೀರು, ಅಡುಗೆಕೋಣೆ, ಶೌಚಾಲಯದ ಮಾತಿದೆ. ಕಾಯ್ದೆಗೆ ಗೋಡೆ, ಮಾಡು ಇದ್ದರೆ ಮನೆಯೆನಿಸಬಹುದು. ಧರ್ಮಕ್ಕೆ ಅಷ್ಟು ಸಾಲದು. ಲೆಕ್ಕದ ಪುಸ್ತಕದಲ್ಲಿ ರಿಪೇರಿಯನ್ನು ಮುಂದೂಡಿದ ವರ್ಷ ಲಾಭ ಹೆಚ್ಚಿದಂತೆ ಕಾಣುತ್ತದೆ. ಆ ಖರ್ಚು ಎಲ್ಲಿಯೂ ಮಾಯವಾಗಿಲ್ಲ. ಅದು ಕಾರ್ಮಿಕನ ಮನೆಯ ಲೆಕ್ಕಕ್ಕೆ ವರ್ಗವಾಗಿದೆ: ಔಷಧಿಯ ಬಿಲ್ಲಾಗಿ, ತಪ್ಪಿದ ದಿನಗೂಲಿಯಾಗಿ, ಶಾಲೆ ತಪ್ಪಿಸಿಕೊಂಡ ಮಗುವಾಗಿ. ತನ್ನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಬರೆಯುವುದು ಅಚೌರ್ಯವ್ರತಕ್ಕೂ ಸಲ್ಲದು.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಪ್ರತಿ ಕೋಣೆಯ ಮಾಡಿಗೆ ಒಂದೆರಡು ಗಾಜಿನ ಹೆಂಚು, ಎದುರುಬದುರು ಎರಡು ಕಿಟಕಿ, ಒಲೆಗೆ ಹೊಗೆಕೊಳವೆ, ಗೋಡೆಯ ಬುಡದಿಂದ ನೀರು ಹರಿದುಹೋಗಲು ಚರಂಡಿ, ಮಳೆಗಾಲದಲ್ಲಿ ಬಟ್ಟೆ ಆರಿಸಲು ಪ್ರತ್ಯೇಕ ಮಾಡು. ಒಂದು ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಇವುಗಳಲ್ಲಿ ಹಲವನ್ನು ಮುಗಿಸಬಹುದು.

ನೀರಿನ ಸೂಕ್ಷ್ಮಜೀವಿಗಾಗಿ ಬಟ್ಟೆ ಹಿಡಿದು ಸೋಸುವ ಕೈ, ಅದೇ ತೋಟದಲ್ಲಿ ದುಡಿಯುವ ಪಂಚೇಂದ್ರಿಯ ಜೀವಿಯ ಕೋಣೆಗೆ ಬೆಳಕು ಕೊಡಲು ಹಿಂಜರಿದರೆ ಆ ಸೋಸುವಿಕೆ ಬರಿಯ ವಾಡಿಕೆಯಾಗಿ ಉಳಿಯುತ್ತದೆ. ಅಹಿಂಸೆಯನ್ನು ಸ್ವಂತ ಅಡುಗೆಮನೆಯಲ್ಲಿ ಪಾಲಿಸುವವರು, ತಾವು ಕಟ್ಟಿಸಿದ ಮನೆಗಳ ಧೂಳಿಗೂ ಉತ್ತರ ಹೇಳಬೇಕಾಗುತ್ತದೆ.