ಹೆಚ್ಚಾಗಿ ಬಂದ ಅಕ್ಕಿ

ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನವರ ಕಾಯಕವಾಗಿದ್ದಿತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ. ಮಿಕ್ಕುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿದರು. ಅಂದು ಆ ಶೋಧನೆಯನ್ನು ಮಾಡಿದವರು ಮನೆಯವರೇ.

ಇಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮಕ್ಕಳು ಉದ್ಯೋಗವನ್ನರಸಿ ಮೈಸೂರಿಗೂ ಬೆಂಗಳೂರಿಗೂ ಹೋಗುತ್ತಾರೆ. ಮಾಡದ ಕೆಲಸಕ್ಕೆ ಅನುಭವಪತ್ರ, ಪಡೆಯದ ಸಂಬಳಕ್ಕೆ ಚೀಟಿ, ಬರೆಯದ ಪರೀಕ್ಷೆಗೆ ಅಂಕಪಟ್ಟಿ ಮಾರುವ ದಲ್ಲಾಳಿಗಳಿಗೆ ನಗರದಲ್ಲಿ ಕೊರತೆಯಿಲ್ಲ. ೨೦೨೨ರಲ್ಲಿ ಆಕ್ಸೆಂಚರ್ ಸಂಸ್ಥೆಯು, ಇಲ್ಲದ ಕಂಪನಿಗಳ ಹೆಸರಿನ ಪತ್ರಗಳನ್ನು ಕೊಟ್ಟು ಸೇರಿದವರನ್ನು ಭಾರತದಲ್ಲಿ ಕೆಲಸದಿಂದ ತೆಗೆಯಿತು. ೨೦೨೪ರಲ್ಲಿ ಜಲಸಂಪನ್ಮೂಲ ಇಲಾಖೆಯ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗಳಿಗೆ ನಕಲಿ ಅಂಕಪಟ್ಟಿ ಸಲ್ಲಿಸಿದ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಅನೇಕ ಅಭ್ಯರ್ಥಿಗಳನ್ನೂ ಮಧ್ಯವರ್ತಿಗಳನ್ನೂ ಬಂಧಿಸಿದರು.

ಪೂರ್ವಾಪರವನ್ನು ವಿಚಾರಿಸುವ ಕ್ರಮವು ಈಗ ಬಹು ಸೂಕ್ಷ್ಮವಾಗಿದೆ. ಇಂತಿಷ್ಟು ವರ್ಷ ದುಡಿದೆನೆಂದರೆ ಭವಿಷ್ಯನಿಧಿಗೆ ತಿಂಗಳು ತಿಂಗಳಿಗೆ ಹಣ ಸಂದಿದೆಯೇ ಎಂದು ನೋಡುವರು. ಸಂಬಳದ ಚೀಟಿಯನ್ನು ಬ್ಯಾಂಕಿನ ಲೆಕ್ಕದೊಡನೆ ಹೋಲಿಸುವರು. ಪತ್ರದಲ್ಲಿ ಅಚ್ಚಾದ ದೂರವಾಣಿಯನ್ನು ನಂಬದೆ ಸಂಸ್ಥೆಯ ವಿಳಾಸವನ್ನು ಬೇರೆಡೆಯಿಂದ ಪಡೆದು ಕೇಳುವರು. ೨೦೧೫ರ ತಾರೀಖುಳ್ಳ ಪತ್ರದ ಮೇಲೆ ಜಿ.ಎಸ್.ಟಿ. ಸಂಖ್ಯೆ ಕಂಡರೆ ಅನುಮಾನಕ್ಕೆ ಅಷ್ಟೇ ಸಾಕು. ಆ ತೆರಿಗೆ ಜಾರಿಗೆ ಬಂದುದು ೨೦೧೭ರ ಜುಲೈ ೧ರಂದು. ಮೊಹರನ್ನು ತಿದ್ದುವ ಕೈಗೆ ಕಾಲದ ನೆನಪು ಕಡಿಮೆ!

ಆದರೆ ಪರೀಕ್ಷಿಸುವವರಿಗೂ ಧರ್ಮವುಂಟು. ೨೦ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯು ಸಾಮಾನ್ಯವಾಗಿ ಭವಿಷ್ಯನಿಧಿಯ ಕಾಯಿದೆಗೆ ಒಳಪಡದು. ದಾಖಲೆ ಸಿಗದ ಮಾತ್ರಕ್ಕೆ ಅಲ್ಲಿ ದುಡಿದವನು ಸುಳ್ಳುಗಾರನಾಗನು. ಈ ಸೀಮೆಯ ಹುಡುಗರ ಹೆಸರಿಗೆ ಊರಿನದೊಂದು, ತಂದೆಯದೊಂದು ಅಕ್ಷರ ಸೇರಿರುತ್ತದೆ. ಒಂದು ಪತ್ರದಲ್ಲಿ ಅದು ಮೊದಲಿಗೆ, ಇನ್ನೊಂದರಲ್ಲಿ ಕೊನೆಗೆ. ಅಂಥವನನ್ನು ಕರೆದು ಕೇಳದೆ ತಳ್ಳಿಹಾಕುವುದು ನಕಲಿ ಪತ್ರದಷ್ಟೇ ಅನ್ಯಾಯ.

ಆದರೂ ಮೊದಲ ಪ್ರಶ್ನೆ ಮನೆಯಲ್ಲಿಯೇ ಏಳತಕ್ಕದ್ದು. ಡಿಗ್ರಿ ಮುಗಿಸಿ ಎರಡು ವರ್ಷ ಹಟ್ಟಿಯಲ್ಲಿಯೇ ಇದ್ದ ಮಗನಿಗೆ ಆ ಎರಡು ವರ್ಷದ ಅನುಭವಪತ್ರ ಎಲ್ಲಿಂದ ಬಂತೆಂಬುದು ತಾಯಿಗೆ ತಿಳಿಯದೇ? ಕಬ್ಬಿನ ಹಣವನ್ನು ದಲ್ಲಾಳಿಯ ಕೈಗಿತ್ತ ತಂದೆಗೆ ತಿಳಿಯದೇ? ತಿಳಿದೂ ಸುಮ್ಮನಿರುವ ಮನೆಯವರು ಮಗನನ್ನು ಕಾಪಾಡಿದಂತಾಗಲಿಲ್ಲ. ಪ್ರತಿ ಬಾರಿ ಕಛೇರಿಯಲ್ಲಿ ಯಾರೋ ಕಡತ ತೆರೆದಾಗ ಅವನ ಎದೆ ನಡುಗುವಂತೆ ಮಾಡಿದರು. ಪತ್ರ ಸಲ್ಲಿಸಿಯಾಗಿದ್ದರೆ, ಅವರು ಕೇಳುವ ಮೊದಲೇ ತಾನಾಗಿ ಹೋಗಿ ಹೇಳಿ ಹಿಂದಕ್ಕೆ ಪಡೆಯಬಹುದು. ಕೆಲಸ ಹೋಗಬಹುದು, ದಲ್ಲಾಳಿಗೆ ಕೊಟ್ಟುದಂತೂ ಮರಳಿ ಬಾರದು. ಆ ದಿನ ಅವನು ಬರಿಗೈಯಲ್ಲಿ ಊರಿಗೆ ಬಂದರೆ, ಬಾಗಿಲಲ್ಲಿ ನಿಂತವರು ಅವನನ್ನು ಜರೆಯದೆ ಒಳಕ್ಕೆ ಕರೆಯಬೇಕು.