ಕೆಂಚನ ರೆಕ್ಕೆ

ನಮ್ಮ ಮನೆಯ ನಾಯಿ ಕೆಂಚ ಇಲ್ಲವಾದ ಮೇಲೆ ನಾನು ಅವನ ಚಿತ್ರ ಬರೆಯಲು ಕೂತೆ. ಕಳಸದಲ್ಲಿ ಆಷಾಢದ ಮಳೆ ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕರೆಂಟು ಇರುವುದಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ, ಭದ್ರೆ ಕೆಂಪಾಗಿ ಹರಿಯುತ್ತಿರುತ್ತಾಳೆ. ಅಂಥ ದಿನಗಳಲ್ಲಿ ಬಣ್ಣದ ಡಬ್ಬಿ ತೆಗೆಯುವುದು ನನಗೆ ಶಾಲೆಯ ಕಾಲದಿಂದಲೂ ರೂಢಿ. ಮೊದಲ ಹಾಳೆಯಲ್ಲಿ ಕೆಂಚ ಇದ್ದ ಹಾಗೆಯೇ ಬಂದ: ಕೆಂದು ಮೈ, ಅರ್ಧಕ್ಕೆ ಮಡಚಿಕೊಂಡ ಎಡಗಿವಿ, ಯಾರಾದರೂ ಊಟಕ್ಕೆ ಕೂತರೆ ಬೇರೆಲ್ಲೋ ನೋಡುತ್ತಿರುವಂತೆ ನಟಿಸುವ ಮುಖ. ಆ ಹಾಳೆಯನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಎರಡನೆಯದರಲ್ಲಿ ಅವನಿಗೆ ಮಂಗಟ್ಟೆ ಹಕ್ಕಿಯ ರೆಕ್ಕೆ ಬಂತು. ಮೂರನೆಯದರಲ್ಲಿ ಕೆಂಜಳಿಲಿನ ಬಾಲ. ತಿಂಗಳು ಕಳೆಯುವಷ್ಟರಲ್ಲಿ ಹದಿನಾಲ್ಕು ಚಿತ್ರಗಳಾಗಿದ್ದವು. ಒಂದರಲ್ಲಿ ಅವನು ಮೋಡದ ಮೇಲೆ ಕೂತು ಕಾಫಿ ಹಣ್ಣು ಕೊಯ್ಯುತ್ತಿದ್ದ. ಇನ್ನೊಂದರಲ್ಲಿ ಮೀನಿನ ಬಾಲ ಬೀಸುತ್ತ ಭದ್ರೆಯಲ್ಲಿ ತೇಲುತ್ತಿದ್ದ. ನೋಡಿದವರೆಲ್ಲ ನಕ್ಕರು. ನೆಂಟರ ಮಕ್ಕಳು ಎರಡು ಹಾಳೆಗಳನ್ನು ಕೇಳಿ ಪಡೆದುಕೊಂಡು ಹೋದರು.

ಅಮ್ಮ ಮಾತ್ರ ನಗಲಿಲ್ಲ. ಒಂದೊಂದಾಗಿ ತಿರುವಿ ನೋಡಿ, ‘ರೆಕ್ಕೆ ಚೆನ್ನಾಗಿದೆ. ಸರಪಳಿ ಎಲ್ಲಿ?’ ಎಂದು ಕೇಳಿದರು.

ಮಲೆನಾಡಿನ ಒಂಟಿಮನೆಗಳಲ್ಲಿ ನಾಯಿ ಸಾಕಿದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಕಟ್ಟಿ ಹಾಕುತ್ತೇವೆ, ರಾತ್ರಿ ಬಿಡುತ್ತೇವೆ. ಚಿರತೆಯ ಸುಳಿವಿದ್ದರೆ ಒಳಗೆ ಸೇರಿಸಿಕೊಳ್ಳುತ್ತೇವೆ. ಆ ವಾರ ಮೇಲಿನ ತೋಟದಲ್ಲಿ ಹೆಜ್ಜೆ ಕಂಡಿದೆ ಎಂದು ಕೆಲಸದವರು ಹೇಳಿದ್ದರು. ಸಂಜೆ ಮಳೆ ಜೋರಾಯಿತು. ಕೊಟ್ಟಿಗೆಯ ಪಕ್ಕ ಕಟ್ಟಿದ್ದ ಕೆಂಚನನ್ನು ಮಳೆ ಸ್ವಲ್ಪ ನಿಂತ ಮೇಲೆ ತಂದರಾಯಿತು ಅಂದುಕೊಂಡವನು ಹಾಗೇ ನಿದ್ದೆ ಹೋದೆ. ಹೆಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಸರಪಳಿ ಇತ್ತು, ಹರಿದ ಕೊರಳಪಟ್ಟಿ ಇತ್ತು. ಕಟ್ಟಿರದಿದ್ದರೆ ಓಡಿಯಾದರೂ ನೋಡುತ್ತಿದ್ದ.

ಹಾಗಾದರೆ ಆ ಹದಿನಾಲ್ಕು ಚಿತ್ರಗಳು ಏನು? ಪ್ರೀತಿಯೋ, ತಪ್ಪಿಸಿಕೊಳ್ಳುವ ದಾರಿಯೋ? ಪ್ರೀತಿಸಿದ ಪ್ರಾಣಿಯನ್ನು ಅದಲ್ಲದ ಇನ್ನೇನೋ ಆಗಿ ಬರೆಯುವುದು ಅದಕ್ಕೆ ತೋರುವ ಗೌರವವೇ, ಅಥವಾ ಸತ್ತ ಮೇಲೂ ಅದನ್ನು ನಮ್ಮ ಅನುಕೂಲಕ್ಕೆ ಕಟ್ಟಿ ಹಾಕುವುದೇ? ಮನುಷ್ಯನ ಚಿತ್ರವಾದರೆ ಅವನ ಕಡೆಯವರು ಯಾರಾದರೂ ‘ಅವನು ಹಾಗಿರಲಿಲ್ಲ’ ಎಂದು ಜಗಳಕ್ಕೆ ಬರುತ್ತಾರೆ. ನಾಯಿಯ ಕಡೆಯಿಂದ ಯಾರೂ ಬರುವುದಿಲ್ಲ. ಅದಕ್ಕೇ ಈ ಪ್ರಶ್ನೆಯನ್ನು ಬರೆಯುವವನೇ ಕೇಳಿಕೊಳ್ಳಬೇಕು.

ಸಾಕುಪ್ರಾಣಿಯೊಂದನ್ನು ಕಂಡು ವಿಚಿತ್ರ ಪ್ರಾಣಿಗಳ ಇಡೀ ಲೋಕವನ್ನೇ ಬರೆದವರಲ್ಲಿ ಎಲ್ಲರಿಗಿಂತ ಹೆಸರಾದವನು ಲಂಡನ್ನಿನ ಲೂಯಿ ವೇನ್. 1860ರಲ್ಲಿ ಹುಟ್ಟಿದ ಅವನು 1884ರಲ್ಲಿ ಎಮಿಲಿ ಎಂಬಾಕೆಯನ್ನು ಮದುವೆಯಾದ. ಸ್ವಲ್ಪ ದಿನಕ್ಕೇ ಆಕೆಗೆ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ಮನೆಯಲ್ಲಿ ಬೀದಿಯಿಂದ ತಂದು ಸಾಕಿದ ಪೀಟರ್ ಎಂಬ ಕಪ್ಪುಬಿಳುಪಿನ ಬೆಕ್ಕಿತ್ತು. ಹಾಸಿಗೆ ಹಿಡಿದ ಹೆಂಡತಿಯನ್ನು ನಗಿಸಲು ವೇನ್ ಆ ಬೆಕ್ಕಿನ ಚಿತ್ರಗಳನ್ನು ಬರೆಯತೊಡಗಿದ. ಅವನ್ನು ಪತ್ರಿಕೆಗೆ ಕಳಿಸೆಂದು ಒತ್ತಾಯಿಸಿದವಳೂ ಆಕೆಯೇ. 1886ರ ಕ್ರಿಸ್‌ಮಸ್ ಸಂಚಿಕೆಯಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಅವನ ಬೆಕ್ಕುಮರಿಗಳ ಹಬ್ಬದ ಚಿತ್ರವನ್ನು ಅಚ್ಚುಹಾಕಿತು. ಅದರಲ್ಲಿ ಸುಮಾರು 150 ಬೆಕ್ಕುಗಳಿದ್ದವು. ಮುಂದಿನ ವರ್ಷದ ಮೊದಲ ತಿಂಗಳಲ್ಲೇ ಎಮಿಲಿ ತೀರಿಕೊಂಡಳು.

ಆಮೇಲೆ ವೇನನ ಬೆಕ್ಕುಗಳು ಎರಡು ಕಾಲಿನ ಮೇಲೆ ಎದ್ದು ನಿಂತವು. ಕೋಟು ತೊಟ್ಟವು, ಚುಟ್ಟಾ ಸೇದಿದವು, ಚಹಾ ಕುಡಿದವು, ಗಾಲ್ಫ್ ಆಡಿದವು. ಇಂಗ್ಲೆಂಡಿನ ಮನೆಮನೆಯಲ್ಲೂ ಅವುಗಳ ಚಿತ್ರ ಬಂತು. ಆ ಬೆಕ್ಕುಗಳ ನಗುವನ್ನು ಇಂದು ನೋಡಿದರೆ ಅದು ಬೆಕ್ಕಿನ ನಗುವಲ್ಲ, ಅಂದಿನ ಲಂಡನ್ನಿನ ಗಂಡಸರ ನಗು ಅನ್ನಿಸುತ್ತದೆ. ಹಾಗಿದ್ದರೂ ಮೈಯ ತಿರುವಿನಲ್ಲಿ, ಕಿವಿಯ ಎಚ್ಚರದಲ್ಲಿ ಒಂದು ನಿಜವಾದ ಬೆಕ್ಕನ್ನು ಗಂಟೆಗಟ್ಟಲೆ ನೋಡಿದವನ ಕೈ ಕಾಣುತ್ತದೆ. ಸಾಯುತ್ತಿರುವವಳ ಮಂಚದ ಪಕ್ಕ ಕೂತು ನೋಡಿದ ನೋಟ ಅದು. ಆ ನೋಟ ಉಳಿದಿರುವಷ್ಟು ಕಾಲ ಪೀಟರ್ ಚಿತ್ರದಲ್ಲಿ ಇದ್ದಾನೆ. ಅದು ಬತ್ತಿ ಬರೀ ತಮಾಷೆ ಉಳಿದಾಗ ಪೀಟರ್ ಹೊರಟುಹೋಗಿ ಅವನ ಕೋಟು ಮಾತ್ರ ಉಳಿಯುತ್ತದೆ.

ವೇನನ ಕತೆಗೆ ಇನ್ನೊಂದು ತುದಿಯಿದೆ. 1924ರಲ್ಲಿ ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1939ರಲ್ಲಿ ಸಾಯುವವರೆಗೂ ಅಂಥ ಆಸ್ಪತ್ರೆಗಳಲ್ಲೇ ಇದ್ದ, ಅಲ್ಲೂ ಬೆಕ್ಕುಗಳನ್ನು ಬರೆದ. ವಾಲ್ಟರ್ ಮ್ಯಾಕ್ಲೇ ಎಂಬ ಮನೋವೈದ್ಯರು ಅವನ ಕೆಲವು ಚಿತ್ರಗಳನ್ನು ಕೊಂಡು, ಸಾದಾ ಬೆಕ್ಕಿನಿಂದ ಹಿಡಿದು ಬಣ್ಣದ ಜಾಲವೇ ಆಗಿಹೋದ ಬೆಕ್ಕಿನವರೆಗೆ ಒಂದು ಸಾಲಿನಲ್ಲಿ ಜೋಡಿಸಿದರು. ಮನಸ್ಸು ಹಂತಹಂತವಾಗಿ ಒಡೆಯುವುದಕ್ಕೆ ಸಾಕ್ಷಿಯೆಂದು ಆ ಸಾಲು ಬಹುಕಾಲ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಅಚ್ಚಾಗುತ್ತಿತ್ತು. ಆದರೆ ಆ ಚಿತ್ರಗಳ ಮೇಲೆ ತಾರೀಖೇ ಇರಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಜೋಡಿಸಿದವರ ಊಹೆ. ಮಾತಾಡಿ ತಿದ್ದಲಾಗದ ಸ್ಥಿತಿಯಲ್ಲಿದ್ದ ಮನುಷ್ಯನೊಬ್ಬನ ಮೇಲೆ ಬೇರೆಯವರು ತಮಗೆ ಬೇಕಾದ ಕತೆಯನ್ನು ಹೊದಿಸಿದ್ದರು. ನಾನು ಕೆಂಚನಿಗೆ ಮಾಡಿದ್ದೂ ಇದನ್ನೇ ಅಲ್ಲವೇ ಎಂಬ ಅನುಮಾನ ನನಗೆ ಬಂದದ್ದು ಇದನ್ನು ಓದಿದಾಗ.

ಹಾಗಾದರೆ ಇದ್ದದ್ದನ್ನು ಇದ್ದ ಹಾಗೆ ಬರೆಯುವುದೊಂದೇ ಪ್ರಾಮಾಣಿಕ ದಾರಿಯೇ? ಕನ್ನಡ ನಾಡಿನಲ್ಲಿ ಅದಕ್ಕೊಂದು ಸಾವಿರ ವರ್ಷ ಹಳೆಯ ಉದಾಹರಣೆಯಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 950. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಕಾದಿದ ಮಣಲೆರ ಎಂಬ ವೀರನಿಗೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಒಂದು ಬೇಟೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ವ್ಯವಸ್ಥೆಯನ್ನೂ ಮಾಡಿದರು.

ಕಲ್ಲಿನ ಮೇಲೆ ಕಾಳಿಗೆ ರೆಕ್ಕೆಯಿಲ್ಲ. ನಾಯಿ ಇದೆ, ಹಂದಿ ಇದೆ, ಎರಡೂ ಒಂದನ್ನೊಂದು ಕಚ್ಚಿಕೊಂಡಿವೆ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಅದರ ನೈಜತೆ ಅಲ್ಲ. ನಾಯಿ ತಾನಾಗಿ ಹೋಗಿ ಸತ್ತಿತು ಎಂದು ಆ ಶಾಸನ ಹೇಳುವುದಿಲ್ಲ. ಅದನ್ನು ಹಂದಿಗೆ ಬಿಟ್ಟಿದ್ದು ತಾವೇ ಎಂದು ಹೇಳುತ್ತದೆ. ಅದು ಪಶ್ಚಾತ್ತಾಪದ ಮಾತಲ್ಲ ಎಂಬುದು ನನಗೆ ಗೊತ್ತು. ಆ ಕಾಲದ ವೀರರಿಗೆ ಅದರಲ್ಲಿ ಹೆಮ್ಮೆಯೇ ಇದ್ದಿರಬೇಕು. ಆದರೂ ಬಿಟ್ಟ ಕೈ ಬರಹದಲ್ಲಿ ಉಳಿದಿದೆ. ನನ್ನ ಹದಿನಾಲ್ಕು ಚಿತ್ರಗಳಲ್ಲಿ ಇಲ್ಲದಿದ್ದದ್ದು ಅದು. ಅಮ್ಮ ಕೇಳಿದ್ದೂ ಅದನ್ನೇ. ರೆಕ್ಕೆ ಬರೆಯಬಾರದಿತ್ತು ಎಂದು ಅವರು ಹೇಳಲಿಲ್ಲ.

ಕಲ್ಪನೆಯನ್ನೇ ದೂರುವುದು ಈ ಬೆಟ್ಟಗಳಲ್ಲಿ ಇರುವವರಿಗೆ ಕಷ್ಟ. ನಮ್ಮ ಅಡಿಕೆ ಮರಗಳ ಮೇಲೆ ನಿಜಕ್ಕೂ ಹಾರುವ ಓತಿ ಇದೆ. ತೊಗಟೆಗೆ ಅಂಟಿಕೊಂಡಿದ್ದರೆ ತೊಗಟೆಯ ಚೂರಿನಂತೆಯೇ ಕಾಣುವ ಆ ಜೀವಿ, ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಅದರ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರೇ ಡ್ರಾಕೋ, ಅಂದರೆ ಪುರಾಣದ ಡ್ರ್ಯಾಗನ್. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಈ ಓತಿಯನ್ನು ಹುಡುಕಿ ಹೊರಟವರ ಕಾದಂಬರಿ ಎಂಬುದು ಓದುಗರಿಗೆಲ್ಲ ಗೊತ್ತು. ಆ ಗುಂಪಿನಲ್ಲಿ ಕಿವಿ ಎಂಬ ನಾಯಿಯೂ ಇದೆ. ‘ಪರಿಸರದ ಕತೆ’ಯಲ್ಲೂ (1991) ಕಿವಿ ಬರುತ್ತದೆ.

ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿ ಬರೆಹಗಾರ ಮಾತ್ರವಲ್ಲ. ಚಿತ್ರ ಬರೆಯುತ್ತಿದ್ದರು, ಹಕ್ಕಿಗಳ ಫೋಟೋ ತೆಗೆಯಲು ದಿನಗಟ್ಟಲೆ ಕಾಯುತ್ತಿದ್ದರು. ಅವರ ಬರವಣಿಗೆಯಲ್ಲಿ ಕಿವಿ ಬುದ್ಧಿ ಹೇಳುವ ನಾಯಿಯಲ್ಲ, ಯಜಮಾನನ ದುಃಖದ ಸಂಕೇತವೂ ಅಲ್ಲ. ಅದಕ್ಕೆ ಅದರದೇ ಕೆಲಸಗಳಿವೆ, ಅದರದೇ ಮೂರ್ಖತನಗಳಿವೆ. ಓತಿಯೂ ಅಷ್ಟೇ: ಅಷ್ಟು ಪಾಡುಪಟ್ಟು ಹುಡುಕಿದ ಮೇಲೆ ಅದು ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ನಾವು ಪ್ರೀತಿಸುವ ಜೀವಿಯ ಬಗ್ಗೆ ಬರೆಯುವಾಗ ಅದು ನಮ್ಮಿಂದ ತಪ್ಪಿಸಿಕೊಂಡು ಹೋಗುವಷ್ಟು ಜಾಗ ಬಿಡಬೇಕು ಎಂಬುದನ್ನು ನಾನು ಅಲ್ಲಿಂದ ಕಲಿತೆ.

ಈ ಯೋಚನೆಯಲ್ಲಿ ಒಂದು ದಿನ ಹದಿನಾಲ್ಕರಲ್ಲಿ ಉಳಿದಿದ್ದ ಹನ್ನೆರಡು ಹಾಳೆಗಳನ್ನು ಜಗಲಿಯ ಮೇಲೆ ಹರಡಿಕೊಂಡು ಕೂತೆ. ಮೋಡದ ಮೇಲೆ ಕಾಫಿ ಕೊಯ್ಯುವ ಕೆಂಚನಲ್ಲಿ ಕೆಂಚ ಇರಲಿಲ್ಲ; ನೋಡಿದವರು ನಗಲಿ ಎಂಬ ನನ್ನ ಆಸೆ ಇತ್ತು. ಆದರೆ ಮಂಗಟ್ಟೆಯ ರೆಕ್ಕೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಒಂದು ನೆನಪಾಯಿತು. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಉಗಿಬಂಡಿಯಂಥ ಸದ್ದು ಬರುತ್ತದೆ. ಆ ಸದ್ದು ಕೇಳಿದಾಗಲೆಲ್ಲ ಕೆಂಚ ಮಾಡುತ್ತಿದ್ದ ಕೆಲಸ ಬಿಟ್ಟು, ತಲೆ ಓರೆ ಮಾಡಿ, ಹಕ್ಕಿ ಗುಡ್ಡದಾಚೆ ಮರೆಯಾಗುವವರೆಗೂ ಆಕಾಶ ನೋಡುತ್ತಿದ್ದ. ಬೊಗಳುತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ಆಗ ಏನಿತ್ತೋ ನಾನು ಹೇಳಲಾರೆ. ಆ ರೆಕ್ಕೆ ನಾನು ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಅವನು ನೋಡುತ್ತಿದ್ದುದನ್ನೇ ಅವನಿಗೆ ಕೊಟ್ಟಿದ್ದೆ.

ನಮ್ಮ ಹೊಯ್ಸಳ ಶಿಲ್ಪಿಗಳು ಬೇಲೂರಿನಲ್ಲಿ ಕೆತ್ತಿದ ಮಕರಕ್ಕೆ ಆನೆಯ ಸೊಂಡಿಲಿದೆ, ಸಿಂಹದ ಕಾಲಿದೆ, ನವಿಲಿನ ಬಾಲವಿದೆ. ಅಂಥ ಪ್ರಾಣಿ ಎಲ್ಲೂ ಇಲ್ಲ. ಆದರೆ ಸೊಂಡಿಲನ್ನು ಸರಿಯಾಗಿ ನೋಡದವನು ಆ ಮಕರವನ್ನು ಕೆತ್ತಲಾರ. ಕಲ್ಪನೆ ಸುಳ್ಳಾಗುವುದು ಇಲ್ಲದ್ದನ್ನು ಸೇರಿಸಿದಾಗಲ್ಲ. ಇದ್ದದ್ದನ್ನು ನೋಡುವುದನ್ನು ನಿಲ್ಲಿಸಿದಾಗ, ಅದರಲ್ಲೂ ನಮಗೆ ನೋಡಲು ಇಷ್ಟವಿಲ್ಲದ್ದನ್ನು ರೆಕ್ಕೆಯ ಕೆಳಗೆ ಮುಚ್ಚಿಟ್ಟಾಗ, ಅದು ಸುಳ್ಳಾಗುತ್ತದೆ.

ನಾನು ಹನ್ನೊಂದು ಹಾಳೆಗಳನ್ನು ಒಳಗಿಟ್ಟೆ. ರೆಕ್ಕೆಯಿರುವ ಕೆಂಚನನ್ನು ಮತ್ತೊಮ್ಮೆ ಬರೆದೆ. ಈ ಸಲ ಕೊರಳ ಸುತ್ತ, ಪಟ್ಟಿ ಉಜ್ಜಿ ಉಜ್ಜಿ ಕೂದಲು ಉದುರಿಹೋಗಿದ್ದ ಬೋಳು ಗೆರೆಯನ್ನೂ ಬರೆದೆ. ಬದುಕಿದ್ದಾಗ ಅದನ್ನು ದಿನವೂ ಕಂಡಿದ್ದೆ, ಎಣ್ಣೆ ಹಚ್ಚಬೇಕು ಅಂದುಕೊಂಡು ಮುಂದೂಡಿದ್ದೆ. ಅಮ್ಮ ಚಿತ್ರ ನೋಡಿದರು, ಏನೂ ಹೇಳಲಿಲ್ಲ. ಅದು ಕ್ಷಮೆ ಎಂದು ನಾನು ತಿಳಿದುಕೊಂಡಿಲ್ಲ. ಕ್ಷಮಿಸಬೇಕಾದವನು ಅವರಲ್ಲ, ಚಿತ್ರ ಬರೆದ ಮಾತ್ರಕ್ಕೆ ಆ ಸಾಲ ತೀರುವಂಥದ್ದೂ ಅಲ್ಲ.

ಮಳೆ ಮುಗಿದ ಮೇಲೆ ಪಕ್ಕದ ತೋಟದ ಲೈನ್ ಮನೆಯವರು ಒಂದು ಮರಿ ಕೊಟ್ಟರು. ಕಪ್ಪು ಮರಿ, ಕೆಂಚನ ಹಾಗೆ ಒಂಚೂರೂ ಇಲ್ಲ. ಅದಕ್ಕಿನ್ನೂ ಹೆಸರಿಟ್ಟಿಲ್ಲ. ಚಿತ್ರವನ್ನೂ ಬರೆದಿಲ್ಲ. ಕೊಟ್ಟಿಗೆಯ ಪಕ್ಕದ ಗೂಟ ಕಿತ್ತು, ಜಗಲಿಗೆ ಅಗುಳಿ ಇರುವ ಬಾಗಿಲು ಹಾಕಿಸಿದ್ದೇನೆ. ಸಂಜೆ ದೀಪ ಹಚ್ಚುವ ಮೊದಲು ಮರಿಯನ್ನು ಒಳಗೆ ಕರೆಯುತ್ತೇನೆ.