ಬಂದವರನ್ನು ಬರಮಾಡಿಕೊಳ್ಳುವ ಧರ್ಮ

1972ರ ‘ಬಂಗಾರದ ಮನುಷ್ಯ’ ಚಿತ್ರದ ರಾಜೀವನನ್ನು ಚನ್ನಗಿರಿ, ಹೊನ್ನಾಳಿ ಸೀಮೆಗಳಲ್ಲಿ ಅರಿಯದವರಾರು? ವಿಧವೆಯಾದ ಅಕ್ಕನ ಸಂಸಾರವನ್ನೆತ್ತಿ ನಿಲ್ಲಿಸಿ, ಬಂಜರು ನೆಲವನ್ನು ಹಸನುಗೊಳಿಸಿ, ಕಡೆಗೆ ಆ ಮನೆಯವರ ಸಂದೇಹಕ್ಕೆ ಗುರಿಯಾಗಿ ಮೌನವಾಗಿ ಹೊರಟುಹೋದನು. ನಾವೆಲ್ಲರೂ ಕಣ್ಣೀರಿಟ್ಟೆವು. ಆತನನ್ನು ಹೊರಡಿಸಿದವರೂ ನಮ್ಮಂತಹ ಗೃಹಸ್ಥರೇ ಎಂಬುದನ್ನು ನೆನೆದೆವೇ?

ನಮ್ಮ ಶರಣರಲ್ಲಿಯೂ ಅಂತಹ ಸಂಚಾರಿಗಳಿದ್ದರು. ನೆರೆಯ ಬಳ್ಳಿಗಾವೆಯಿಂದ ಹೊರಟ ಅಲ್ಲಮಪ್ರಭುಗಳು, ಸೊನ್ನಲಿಗೆಯ ಕೆರೆಗೆಲಸದವರು ಕಲ್ಲೆಸೆದರೂ, ಸಿದ್ಧರಾಮರನ್ನು ಉದ್ಧರಿಸದೆ ಬಿಡಲಿಲ್ಲವೆಂದು ಶೂನ್ಯಸಂಪಾದನೆಯು ಹೇಳುತ್ತದೆ. ನೀಡಿ ಮುಂದೆ ಸಾಗುವುದು ಜಂಗಮದ ಧರ್ಮ. ಸಂಶಯಿಸದೆ ಬರಮಾಡಿಕೊಳ್ಳುವುದು ಭಕ್ತನ ಧರ್ಮ.

ತೆರೆಯ ಮೇಲಿನ ವೀರನಿಗಾಗಿ ಅಳುವುದು ಸುಲಭ. ಜಗಳೂರಿನ ಕಡೆಯ ಬಸ್ಸು ತಪ್ಪಿ ನಿಮ್ಮ ಜಗುಲಿಯಲ್ಲಿ ಕುಳಿತ ಅಪರಿಚಿತನನ್ನು ‘ಯಾವ ಊರು, ಯಾರ ಪೈಕಿ?’ ಎನ್ನುವ ಮೊದಲು ‘ಊಟವಾಯಿತೇ?’ ಎಂದು ಕೇಳಿರಿ. ದಾಸೋಹವು ಅಲ್ಲಿಂದಲೇ ಮೊದಲಾಗುತ್ತದೆ.